ರಾತ್ರಿ ಕ್ಲಬ್ಬಿಗೆ ಸಮಾಜದ ಹಣವೇ?

ಗೋವಾ ಕನ್ನಡಿಗರ ಸಭೆಗಳಲ್ಲಿಯೂ ಮನೆಗಳಲ್ಲಿಯೂ ಈಚೆಗೆ ಒಂದು ವಾದ ಬಲಗೊಳ್ಳುತ್ತಿದೆ. ಕಲಂಗೂಟ್, ಬಾಗಾ, ಅಂಜುನ, ವಾಗಾತೋರ್‌ಗಳ ಕಡಲತೀರದಲ್ಲಿ ನೈಟ್ ಕ್ಲಬ್ಬುಗಳು ನಾಯಿಕೊಡೆಗಳಂತೆ ಎದ್ದಿವೆ. ಅವುಗಳ ಅಡಿಪಾಯ ಅಗೆದವರಲ್ಲಿ ನಮ್ಮವರಿದ್ದಾರೆ, ಗೋಡೆಗೆ ಗಿಲಾವು ಮಾಡಿದವರಲ್ಲಿ ನಮ್ಮವರಿದ್ದಾರೆ, ಒಳಗೆ ಪಾತ್ರೆ ತೊಳೆಯುವವರಲ್ಲಿ, ಹೊರಗೆ ಬಾಗಿಲು ಕಾಯುವವರಲ್ಲಿ ನಮ್ಮವರಿದ್ದಾರೆ. ಗಲ್ಲಾದ ಹಿಂದೆ ಮಾತ್ರ ಇಲ್ಲ. ಇನ್ನಾದರೂ ನಾವು ಒಡೆಯರಾಗಬೇಕು. ಒಬ್ಬೊಬ್ಬರಿಂದ ಆಗದು, ಆದ್ದರಿಂದ ಸಮಾಜವೇ ಕೂಡಿ ಬಂಡವಾಳ ಹಾಕಬೇಕು. ಭವನಕ್ಕೆಂದು ಕೂಡಿಟ್ಟ ನಿಧಿ ಬ್ಯಾಂಕಿನಲ್ಲಿ ಸುಮ್ಮನೆ ಮಲಗಿದೆ, ಹೆಣ್ಣುಮಕ್ಕಳ ಭಿಶಿಗಳಲ್ಲಿ ತಿಂಗಳು ತಿಂಗಳು ಲಕ್ಷಗಟ್ಟಲೆ ತಿರುಗುತ್ತಿದೆ, ಊರಿನ ಹೊಲ ಬೀಳುಬಿದ್ದಿದೆ. ಇವನ್ನು ಕೂಡಿಸಿ ಒಂದು ಕ್ಲಬ್ಬು ತೆರೆದರೆ ಮೂರು ವರ್ಷಗಳಲ್ಲಿ ಭವನವೂ ಆಗುತ್ತದೆ, ಕನ್ನಡ ಶಾಲೆಗೆ ನೆರವೂ ಆಗುತ್ತದೆ. ವಾದದ ಸಾರಾಂಶ ಇಷ್ಟು.

ಈ ವಾದದ ಮೊದಲರ್ಧವನ್ನು ನಾವು ಗೌರವಿಸುತ್ತೇವೆ. ಎರಡನೆಯ ಅರ್ಧವನ್ನು ಸಂಪೂರ್ಣವಾಗಿ ವಿರೋಧಿಸುತ್ತೇವೆ.

ವಿರೋಧಕ್ಕೆ ಮುಂಚೆ ಇನ್ನೊಂದು ಬಗೆಯ ವಿರೋಧಿಗಳಿಂದ ನಮ್ಮನ್ನು ಬೇರ್ಪಡಿಸಿಕೊಳ್ಳಬೇಕಾಗಿದೆ. ಕುಡಿತದ ವ್ಯಾಪಾರವು ಕನ್ನಡ ಸಂಸ್ಕೃತಿಗೆ ಕುಂದು, ಕುಣಿತದ ಮನೆಗೂ ಸಾಹಿತ್ಯ ಸಮ್ಮೇಳನಕ್ಕೂ ಎಣ್ಣೆ ಸೀಗೇಕಾಯಿ ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರು ಇಂಥ ಸ್ಮರಣ ಸಂಚಿಕೆಗಳ ಹಿಂದಿನ ಪುಟಗಳನ್ನೊಮ್ಮೆ ಮಗುಚಿ ನೋಡಬೇಕು. ಶುಭ ಕೋರುವ ಜಾಹೀರಾತುಗಳಲ್ಲಿ ಬಾರ್ ಅಂಡ್ ರೆಸ್ಟೋರೆಂಟುಗಳ ಪಾಲೆಷ್ಟು ಎಂಬುದು ಖಜಾಂಚಿಗಳಿಗೆ ಗೊತ್ತು. ಮುಂಬಯಿಯಲ್ಲಿ ಕರಾವಳಿಯ ಕನ್ನಡಿಗರು, ತುಳುವರು ಪರ್ಮಿಟ್ ರೂಮ್ ನಡೆಸಿದರು; ಅದರಿಂದ ಬಂದ ಹಣದಲ್ಲಿ ಕಾಲೇಜುಗಳಿಗೂ ಯಕ್ಷಗಾನ ಮೇಳಗಳಿಗೂ ನೆರವು ಕೊಟ್ಟರು. ಕಾನೂನು ಒಪ್ಪಿದ ವ್ಯಾಪಾರವನ್ನು ಕಾನೂನಿನಂತೆ ಮಾಡುವವನನ್ನು ಪಾಪಿಯೆನ್ನುವ ಅಧಿಕಾರ ನಮಗಿಲ್ಲ. ನಮ್ಮ ತಕರಾರು ಮದ್ಯದ ಮೇಲಲ್ಲ, ಸಂಗೀತದ ಮೇಲಲ್ಲ, ಹಣದ ಮೇಲೆ. ಯಾರ ಹಣ, ಯಾವ ಬಡ್ಡಿಯ ಹಣ, ಮುಳುಗಿದರೆ ಯಾರ ಮನೆ ಮುಳುಗುತ್ತದೆ ಎಂಬುದು ನಮ್ಮ ಪ್ರಶ್ನೆ.

ಲೆಕ್ಕವನ್ನೇ ನೋಡೋಣ. ಇದು ಯಾವುದೋ ಒಂದು ಕ್ಲಬ್ಬಿನ ಜಮಾಖರ್ಚಲ್ಲ; ವಾದಿಸುವವರು ಬಾಯಿಮಾತಿನಲ್ಲಿ ಹೇಳುವ ಮೊತ್ತಗಳನ್ನೇ ಕಾಗದದ ಮೇಲೆ ಇಳಿಸಿದ್ದೇವೆ. 1 ಕೋಟಿ ರೂಪಾಯಿ ಸಮಾಜದಿಂದ ಎತ್ತುವುದು, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಕೊಡುವುದು. ಅಂದರೆ ವರ್ಷಕ್ಕೆ 24 ಲಕ್ಷ ಬಡ್ಡಿಯೇ ಆಯಿತು. ಜಾಗದ ಬಾಡಿಗೆ ತಿಂಗಳಿಗೆ 3 ಲಕ್ಷವೆಂದರೆ ವರ್ಷಕ್ಕೆ 36 ಲಕ್ಷ. ಎರಡೂ ಸೇರಿ 60 ಲಕ್ಷ. ಗೋವಾದಲ್ಲಿ ಸೀಸನ್ ಎನ್ನುವುದು ಅಕ್ಟೋಬರಿನಿಂದ ಮಾರ್ಚಿನವರೆಗಿನ ಆರು ತಿಂಗಳು. ಅಂದರೆ 26 ವಾರ. ಕ್ಲಬ್ಬು ತುಂಬುವುದು ಶುಕ್ರವಾರ, ಶನಿವಾರಗಳಂದು. ಅಂದರೆ 52 ರಾತ್ರಿ. ಉಳಿದ ದಿನಗಳ ಮತ್ತು ಮಳೆಗಾಲದ ವ್ಯಾಪಾರವು ಆಯಾ ದಿನಗಳ ಖರ್ಚನ್ನು ತೂಗಿಸಿದರೆ ಅದೇ ದೊಡ್ಡದು. ಹೀಗೆ 60 ಲಕ್ಷವನ್ನು 52ರಿಂದ ಭಾಗಿಸಿದರೆ ಪ್ರತಿ ತುಂಬಿದ ರಾತ್ರಿಯೂ 1,15,000 ರೂಪಾಯಿಗೂ ಮಿಕ್ಕಿ ಬಡ್ಡಿಗೆ ಮತ್ತು ಬಾಡಿಗೆಗೆ ತೆಗೆದಿಡಬೇಕು. ಸರಕು, ಸಂಬಳ, ವಿದ್ಯುತ್ತು, ಡಿ.ಜೆ.ಯ ಸಂಭಾವನೆ, ಶುಲ್ಕಗಳು ಕಳೆದು ರೂಪಾಯಿಗೆ 20 ಪೈಸೆ ಉಳಿಯಿತೆಂದು ಉದಾರವಾಗಿಯೇ ಇಟ್ಟುಕೊಂಡರೂ, ಅಷ್ಟನ್ನು ಹುಟ್ಟಿಸಲು ಆ ಒಂದು ರಾತ್ರಿ 5,76,000 ರೂಪಾಯಿಗೂ ಹೆಚ್ಚು ವ್ಯಾಪಾರವಾಗಬೇಕು. ಒಬ್ಬ ಗಿರಾಕಿ 2,000 ರೂಪಾಯಿ ಖರ್ಚು ಮಾಡುತ್ತಾನೆಂದರೆ 288 ಜನ ಬರಬೇಕು. ಇದರಲ್ಲಿ ಒಡೆಯನಿಗೆ ಒಂದು ಕಾಸಿನ ಲಾಭವಿಲ್ಲ, ಅಸಲಿನ ಒಂದು ಕಂತೂ ತೀರಿಲ್ಲ. ಭವನದ ಇಟ್ಟಿಗೆಯ ಮಾತು ಇನ್ನೂ ದೂರ.

ಈ 288 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಜಾಗ 150 ಜನರಿಗೆ ತಕ್ಕದ್ದಾಗಿದ್ದರೆ ಏನಾಗುತ್ತದೆ? ಸ್ವಂತ ಹಣದವನು 150ಕ್ಕೆ ಬಾಗಿಲು ನಿಲ್ಲಿಸಿಯಾನು; ಒಂದು ವರ್ಷ ಲಾಭವಿಲ್ಲದೆ ಕಾದಾನು. ನೂರಕ್ಕೆ ಎರಡರ ಬಡ್ಡಿಯವನು ನಿಲ್ಲಿಸಲಾರ. ಅವನು 300 ಜನರನ್ನು ತುಂಬುತ್ತಾನೆ. ಹಿಂಬಾಗಿಲಿನ ಹಾದಿಯಲ್ಲಿ ಎರಡು ಮೇಜು ಹೆಚ್ಚಿಗೆ ಹಾಕುತ್ತಾನೆ. ಬಿಲ್ಲು ಕೊಡದೆ ಜಾರಿಕೊಳ್ಳುವವರಿಗೆ ಹೆದರಿ ಇನ್ನೊಂದು ಬಾಗಿಲಿಗೆ ಬೀಗ ಹಾಕುತ್ತಾನೆ. ಸದ್ದು ಹೊರಹೋಗದಂತೆ ಗೋಡೆಗೆ ಹಚ್ಚುವ ಹಾಸಿನಲ್ಲಿ ಬೆಂಕಿ ತಡೆಯುವಂಥದು ದುಬಾರಿಯೆಂದು ಅಗ್ಗದ ಫೋಮು ಹಚ್ಚುತ್ತಾನೆ. ಅವನು ಕೆಟ್ಟವನೆಂದಲ್ಲ, ತಿಂಗಳ ಮೊದಲ ವಾರಕ್ಕೆ ಬಡ್ಡಿ ಕಟ್ಟಬೇಕಾದವನು.

ಇದು ನಮ್ಮ ಊಹೆಯಲ್ಲ. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೈಟ್ ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 492 ಜನ ಸತ್ತರು. ಮಿತಿ ಮೀರಿ ಜನ ತುಂಬಿದ್ದರು, ಪಕ್ಕದ ಬಾಗಿಲುಗಳು ಬೀಗ ಹಾಕಿದ್ದವು. ಬೀಗ ಹಾಕಿದ್ದು ಗಿರಾಕಿಗಳು ಬಿಲ್ಲು ತಪ್ಪಿಸಿಕೊಳ್ಳಬಾರದೆಂದು. 2003ರಲ್ಲಿ ಅಮೆರಿಕದ್ದೇ ರೋಡ್ ಐಲೆಂಡಿನ ಒಂದು ಕ್ಲಬ್ಬಿನಲ್ಲಿ ವೇದಿಕೆಯ ಬಾಣಬಿರುಸು ಗೋಡೆಯ ಫೋಮಿಗೆ ತಗುಲಿ 100 ಜನ ಬಲಿಯಾದರು. 2013ರ ಜನವರಿಯಲ್ಲಿ ಬ್ರೆಜಿಲ್ಲಿನ ಸಾಂತಾ ಮಾರಿಯಾದಲ್ಲಿ ಅದೇ ಬಾಣಬಿರುಸು, ಅದೇ ಫೋಮು, 242 ಸಾವು. ಅಲ್ಲಿ ಓಡಿಬಂದವರನ್ನು ಹಣ ಕೊಡದೆ ಹೋಗುತ್ತಿದ್ದಾರೆಂದು ಭಾವಿಸಿ ಕಾವಲಿನವರು ಮೊದಲ ಗಳಿಗೆಯಲ್ಲಿ ತಡೆದರು. ಬಾಸ್ಟನ್ನಿನಿಂದ ಸಾಂತಾ ಮಾರಿಯಾಕ್ಕೆ 70 ವರ್ಷಗಳ ಅಂತರವಿದೆ, ಬಾಗಿಲಲ್ಲಿ ನಿಂತ ಲೆಕ್ಕಾಚಾರ ಮಾತ್ರ ಅದೇ. ನಮ್ಮ ದೇಶದಲ್ಲಿ 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಪಬ್ಬುಗಳಲ್ಲಿ 14 ಜನ ಸತ್ತರು. ಹತ್ತು ದಿನ ಕಳೆಯುವಷ್ಟರಲ್ಲಿ, 2018ರ ಜನವರಿಯಲ್ಲಿ, ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ರಾತ್ರಿ ಅಲ್ಲಿಯೇ ಮಲಗಿದ್ದ 5 ಜನ ಕೆಲಸಗಾರರು ಬೆಂಕಿಗೆ ತುತ್ತಾದರು.

ಇನ್ನು ನಮ್ಮ ಗೋವಾ. 2025ರ ಡಿಸೆಂಬರ್ 6ರ ನಡುರಾತ್ರಿ ಉತ್ತರ ಗೋವಾದ ಅರ್ಪೋರಾದಲ್ಲಿ ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಗಿರಾಕಿಗಳಲ್ಲ, ದೂರದ ರಾಜ್ಯಗಳಿಂದ ದುಡಿಯಲು ಬಂದ ಕೆಲಸಗಾರರು. ಕಟ್ಟಡವನ್ನು ಕೆಡವಲು ಪಂಚಾಯಿತಿ ಮುಂಚೆಯೇ ನೋಟೀಸು ಕೊಟ್ಟಿತ್ತು, ಮೇಲಿನ ಕಚೇರಿಯಿಂದ ಅದಕ್ಕೆ ತಡೆಯೂ ಸಿಕ್ಕಿತ್ತು. ದಾರಿ ಇಕ್ಕಟ್ಟಾಗಿದ್ದುದರಿಂದ ಅಗ್ನಿಶಾಮಕ ವಾಹನಗಳು ದೂರದಲ್ಲಿಯೇ ನಿಲ್ಲಬೇಕಾಯಿತು. ವಾಸ್ಕೋ, ಮಾಪುಸಾಗಳ ನಮ್ಮ ಮನೆಗಳಲ್ಲಿ ಆ ರಾತ್ರಿ ಕ್ಲಬ್ಬು, ಹೋಟೆಲುಗಳ ಪಾಳಿಯಲ್ಲಿದ್ದ ಮಕ್ಕಳ ಮೊಬೈಲಿಗೆ ತಾಯಂದಿರು ಕರೆ ಮಾಡುತ್ತ ಕುಳಿತಿದ್ದರು. ಒಡೆಯರಾಗೋಣ ಎನ್ನುವವರು ಒಡೆತನದ ಈ ಬದಿಯನ್ನೂ ಹೇಳಬೇಕು. ನಮ್ಮ ಕ್ಲಬ್ಬಿನ ಅಡಿಗೆಮನೆಯಲ್ಲಿ ದುಡಿಯುವವನು ನಮ್ಮವನೇ ಆಗಿರುತ್ತಾನೆ. ಜಾರ್ಖಂಡಿನವನಾದರೂ ಅಸ್ಸಾಮಿನವನಾದರೂ ಅವನಿಗೂ ತಾಯಿ ಇರುತ್ತಾಳೆ.

ಈಗ ಪರವಾನಗಿಯ ವಿಷಯ. ‘ಲೈಸೆನ್ಸಿನದು ನಮಗೆ ಬಿಡಿ, ಸ್ಥಳೀಯರ ಹೆಸರಿನಲ್ಲಿದೆ, ತಿಂಗಳಿಗಿಷ್ಟು ಕೊಟ್ಟರಾಯಿತು’ ಎನ್ನುವ ಮಧ್ಯಸ್ಥರಿಗೆ ಇಲ್ಲಿ ಕೊರತೆಯಿಲ್ಲ. ಬಾಡಿಗೆಯ ಲೈಸೆನ್ಸಿನ ಮೇಲೆ ಕೋಟಿ ರೂಪಾಯಿ ಹೂಡುವುದೆಂದರೆ ಪರರ ಹೊಲದಲ್ಲಿ ಬಾವಿ ತೋಡಿದಂತೆ. ಪರವಾನಗಿದಾರನು ನಾಳೆ ಎರಡು ಪಾಲು ಕೇಳಿದರೆ ಕೊಡಬೇಕು. ಆತನ ಮನೆಯಲ್ಲಿ ವ್ಯಾಜ್ಯವಾದರೆ ನಮ್ಮ ಬಾಗಿಲು ಮುಚ್ಚಬೇಕು. ನೇರ ದಾರಿಯಲ್ಲಿ ಹೋಗುವವನು ಮೊದಲು ಜಾಗದ ಸನದು ನೋಡಬೇಕು: ಕೃಷಿಭೂಮಿಯೋ, ಪರಿವರ್ತನೆಯಾದದ್ದೋ, ಕರಾವಳಿ ನಿಯಂತ್ರಣ ವಲಯದೊಳಗೆ ಬರುತ್ತದೆಯೋ. ಆಮೇಲೆ ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿ, ಅಬಕಾರಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಆಹಾರ ಸುರಕ್ಷತೆಯ ನೋಂದಣಿ, ಹಾಡು ಹಾಕುವುದಕ್ಕೆ ಹಕ್ಕುಸ್ವಾಮ್ಯದವರ ಅನುಮತಿ. ಇವೆಲ್ಲವೂ ಕೈಗೆ ಬರುವ ಮೊದಲೇ ಮುಂಗಡ ಕೊಟ್ಟು ಬಾಡಿಗೆ ಎಣಿಸಲು ತೊಡಗಿದರೆ, ಬಾಗಿಲು ತೆರೆಯುವ ಮುಂಚೆಯೇ ಒಂದು ಸೀಸನ್ನಿನ ಹಣ ಹೋಗಿರುತ್ತದೆ.

ಸದ್ದಿನ ನಿಯಮವೊಂದೇ ಸಾಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ಮಾತ್ರ ವಿನಾಯಿತಿ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ನೈಟ್ ಕ್ಲಬ್ಬಿನ ವ್ಯಾಪಾರ ಕುದುರುವುದೇ 11ರ ನಂತರ. ಆದ್ದರಿಂದ ತೆಂಗಿನ ಮರಗಳ ಕೆಳಗೆ, ನಕ್ಷತ್ರಗಳ ಬೆಳಕಿನಲ್ಲಿ ಎಂದು ನಮಗೆ ವರ್ಣಿಸಿ ತೋರಿಸುವ ಯೋಜನೆಯು ಮೊದಲ ದಿನದಿಂದಲೇ ನಿಯಮಭಂಗದ ಯೋಜನೆ. ಅದು ನಡೆಯುವುದಾದರೆ ಯಾರದೋ ಕಣ್ಣು ಮುಚ್ಚಿಸಿಯೇ ನಡೆಯಬೇಕು. ಆ ಖರ್ಚನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯುವಿರಿ? ಅದರ ಜೊತೆಗೆ ಊರಿನವರ ನಿದ್ದೆಯ ಪ್ರಶ್ನೆ. ಹಳ್ಳಿಗಳ ಗೋವನ್ನರು ಈ ಸದ್ದಿನ ವಿರುದ್ಧ ವರ್ಷಗಟ್ಟಲೆ ದೂರು ಕೊಟ್ಟು, ನ್ಯಾಯಾಲಯದ ಮೆಟ್ಟಿಲು ಹತ್ತಿ ಬೇಸತ್ತಿದ್ದಾರೆ. ದಿಲ್ಲಿಯ ಸಾಹುಕಾರನು ಕ್ಲಬ್ಬು ಮುಚ್ಚಿ ದಿಲ್ಲಿಗೆ ಹೋಗುತ್ತಾನೆ. ನಾವೆಲ್ಲಿಗೆ ಹೋಗಬೇಕು? 1961ರ ವಿಮೋಚನೆಯ ತರುವಾಯ ಬಂದು ಇಲ್ಲಿಯ ಬಂದರಿನಲ್ಲಿ, ಗಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿದು ನೆಲೆ ನಿಂತರೂ ‘ಘಾಟಿ’ ಎಂಬ ಮಾತು ನಮ್ಮ ಬೆನ್ನು ಬಿಟ್ಟಿಲ್ಲ. ಬಾಯ್ನಾದ ಮನೆಗಳು ನೆಲಸಮವಾದ ದಿನಗಳನ್ನು ನಮ್ಮವರು ಮರೆತಿಲ್ಲ. ಒಬ್ಬ ಕನ್ನಡಿಗನ ಕ್ಲಬ್ಬಿನ ಮೇಲಿನ ಸಿಟ್ಟು ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಕನ್ನಡತಿಯ ಮೇಲೆ ತಿರುಗಲು ಹೆಚ್ಚು ಹೊತ್ತು ಬೇಡ. ಸಂಘದ ಹೆಸರಿನ ಕ್ಲಬ್ಬಾದರೆ ಕೇಳುವುದೇ ಬೇಡ.

ಬ್ಯಾಂಕುಗಳು ಈ ವ್ಯಾಪಾರಕ್ಕೆ ಏಕೆ ಕೈ ಬಿಗಿಹಿಡಿಯುತ್ತವೆ ಎಂಬುದನ್ನೂ ತಿಳಿಯಬೇಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಸಹಾಯಧನವು ಮದ್ಯ ಬಡಿಸುವ ಹೋಟೆಲಿಗೂ ಧಾಬಾಕ್ಕೂ ಇಲ್ಲವೆಂದು ಅದರ ನಿಷಿದ್ಧ ಪಟ್ಟಿಯಲ್ಲಿಯೇ ಇದೆ. ಉಳಿದ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ. ಗುತ್ತಿಗೆಯ ಕಟ್ಟಡಕ್ಕೆ ಹಾಕಿದ ಹಣವು ಗೋಡೆಗೆ ಅಂಟಿಕೊಂಡ ಹಣ. ವ್ಯಾಪಾರ ನಿಂತ ದಿನ ಅಲಂಕಾರ, ವೇದಿಕೆ, ಬಣ್ಣದ ದೀಪಗಳಿಗೆ ಗುಜರಿಯ ಬೆಲೆ. ತೆರಿಗೆಯಲ್ಲಿಯೂ ಒಂದು ಕೊಂಡಿಯಿದೆ: ಮದ್ಯವು ಜಿ.ಎಸ್.ಟಿ.ಯ ಹೊರಗಿರುವುದರಿಂದ ಬಾಡಿಗೆಯ ಮೇಲೆ ತೆರುವ ಶೇಕಡಾ 18ರ ಜಿ.ಎಸ್.ಟಿ.ಯನ್ನು ಮದ್ಯದ ಮಾರಾಟದೆದುರು ವಜಾ ಹಿಡಿಯಲಾಗದು, ಅದು ನೇರ ಖರ್ಚು. ಇಷ್ಟೆಲ್ಲ ಆದ ಮೇಲೂ ಒಂದೇ ಆಜ್ಞೆಯಿಂದ ಬಾಗಿಲು ಮುಚ್ಚಬಹುದು. 2005ರ ಆಗಸ್ಟಿನಲ್ಲಿ ಮಹಾರಾಷ್ಟ್ರವು ಡಾನ್ಸ್ ಬಾರುಗಳನ್ನು ನಿಷೇಧಿಸಿತು. ಆ ನಿಷೇಧ ಸಲ್ಲದೆಂಬ ಹೈಕೋರ್ಟಿನ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದು 2013ರಲ್ಲಿ. ಎಂಟು ವರ್ಷ ಯಾವ ಸಾಲಗಾರ ಕಾಯುತ್ತಾನೆ? 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂಬ ತೀರ್ಪು ಬಂದಾಗ ಗೋವಾದ ಹೆದ್ದಾರಿ ಬದಿಯ ಬಾರುಗಳು ತಲ್ಲಣಿಸಿದವು. 2020ರ ಮಾರ್ಚಿನಲ್ಲಿ ಕೊರೋನಾ. ಮೂರು ಸಲವೂ ವ್ಯಾಪಾರ ನಿಂತಿತು, ಬಡ್ಡಿ ನಿಲ್ಲಲಿಲ್ಲ.

ಬ್ಯಾಂಕು ಕೊಡದ ಹಣವನ್ನು ಭಿಶಿಯಿಂದ ತರುವುದೆಂದರೆ ಬ್ಯಾಂಕಿನ ತಜ್ಞರು ಒಲ್ಲೆನೆಂದ ಅಪಾಯವನ್ನು ಮನೆಗೆಲಸದ ತಾಯಂದಿರ ತಲೆಗೆ ಕಟ್ಟುವುದು. ಭಿಶಿಗೆ ಕಾಗದವಿಲ್ಲ, ನಂಬಿಕೆಯೇ ಅದರ ರಸೀದಿ. ಮಗಳ ಮದುವೆಗೆ, ಊರಿನ ಮನೆಯ ಮಾಳಿಗೆಗೆ, ಆಸ್ಪತ್ರೆಯ ಖರ್ಚಿಗೆ ಎತ್ತುವ ಹಣ ಅದು. ಕ್ಲಬ್ಬು ಮುಳುಗಿದರೆ ನ್ಯಾಯಾಲಯಕ್ಕೆ ತೋರಿಸಲು ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ‘ಹಾಗಾದರೆ ರಸೀದಿ ಕೊಟ್ಟು ಠೇವಣಿ ಸಂಗ್ರಹಿಸೋಣ’ ಎನ್ನುವವರು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯನ್ನು ಓದಲಿ. ಅಂಥ ಠೇವಣಿ ಸ್ವೀಕರಿಸುವುದೇ ಅಪರಾಧ. ಎರಡರಿಂದ ಏಳು ವರ್ಷದ ಸೆರೆವಾಸ. ‘ಎಲ್ಲರೂ ಪಾಲುದಾರರಾಗೋಣ’ ಎನ್ನುವವರು 1932ರ ಪಾಲುದಾರಿಕೆ ಕಾಯ್ದೆಯ 25ನೆಯ ಕಲಮು ನೋಡಲಿ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. 50,000 ಹಾಕಿದವನ ಮನೆಗೂ ಕೋಟಿಯ ಸಾಲಕ್ಕಾಗಿ ಜಪ್ತಿ ಬರಬಹುದು. ಭವನದ ನಿಧಿಯ ಬಗ್ಗೆ ಹೇಳುವುದೇ ಬೇಡ. ಭಾಷೆ, ಸಾಹಿತ್ಯ, ಶಿಕ್ಷಣಗಳ ಉದ್ದೇಶ ಸಾರಿ ನೋಂದಾಯಿಸಿದ ಸಂಘದ ಹಣವದು. ಕೊಟ್ಟವರು ಭವನಕ್ಕೆ ಕೊಟ್ಟಿದ್ದಾರೆ, ಜೂಜಿಗಲ್ಲ.

ಹಾಗಾದರೆ ನಮ್ಮ ಹುಡುಗರು ಎಂದೂ ಒಡೆಯರಾಗಬಾರದೇ? ಆಗಬೇಕು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನ ದಾರಿಯೊಂದು ಕನ್ನಡಿಗರ ಮುಂದಿದೆ. ಆ ಕಾಲದ ಉಡುಪಿಯವರು ಅಡಿಗೆಮನೆಯಿಂದ ಮೇಲೆ ಬಂದವರು. ಗಲ್ಲಾಕ್ಕೆ ಕೂರುವ ಮುಂಚೆ ಸರಕಿನ ದರವೂ ಸೋರಿಕೆಯ ಸಂದುಗಳೂ ಅವರಿಗೆ ಬಾಯಿಪಾಠವಾಗಿದ್ದವು. ಕ್ಲಬ್ಬಿನ ಬಾರಿನಲ್ಲಿ ಐದು ವರ್ಷ ದುಡಿದ ನಮ್ಮ ಹುಡುಗನಿಗೆ, ಸಿನಿಮಾ ನೋಡಿ ಕನಸು ಕಂಡ ಶ್ರೀಮಂತನ ಮಗನಿಗಿಂತ ಹೆಚ್ಚು ಗೊತ್ತಿರುತ್ತದೆ. ಅವನು ಮೊದಲು ಊಟದ ಹೋಟೆಲಿಗೆ ಹೊಂದಿದ ಚಿಕ್ಕ ಬಾರನ್ನು ಪಟ್ಟಣದೊಳಗೆ ನಡೆಸಲಿ, ವಾರಕ್ಕೆರಡು ಸಂಜೆ ಹಾಡು ಇಡಲಿ. ಎರಡು ಸೀಸನ್ನಿನ ಲೆಕ್ಕಪುಸ್ತಕ ಕೈಯಲ್ಲಿದ್ದರೆ ಬ್ಯಾಂಕಿನವರ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಮುಂದೆ ಕ್ಲಬ್ಬು ಮಾಡುವುದಾದರೆ ಹೊಣೆಗೆ ಮಿತಿಯಿರುವ ಕಂಪನಿಯನ್ನೋ ಎಲ್.ಎಲ್.ಪಿ.ಯನ್ನೋ ನೋಂದಾಯಿಸಲಿ. ಬಂಡವಾಳದ ಅರ್ಧವಾದರೂ ತನ್ನದೂ ತನ್ನ ಜೊತೆಗಾರರದೂ ಆಗಿರಲಿ. ಉಳಿದ ಹಣ ಹಾಕುವವರು ಬಡ್ಡಿಯ ಆಸೆಯವರಾಗದೆ ಲಾಭನಷ್ಟಗಳೆರಡಕ್ಕೂ ಒಪ್ಪಿದ ಷೇರುದಾರರಾಗಿರಲಿ, ಹೋದರೆ ಹೋಯಿತೆನ್ನಬಲ್ಲ ಸ್ಥಿತಿವಂತರಾಗಿರಲಿ. ಆರು ತಿಂಗಳ ಬಾಡಿಗೆ, ಸಂಬಳಗಳನ್ನು ಮೊದಲೇ ಬೇರೆ ಖಾತೆಯಲ್ಲಿ ಇಡಲಿ. ಪರವಾನಗಿಗಳೆಲ್ಲ ಬರುವವರೆಗೆ ಬಾಡಿಗೆ ಆರಂಭವಾಗದೆಂಬ ಷರತ್ತನ್ನು ನೋಂದಾಯಿತ ಕರಾರಿನಲ್ಲಿ ಬರೆಸಲಿ. ಹತ್ತು ಜನ ಕೆಲಸಗಾರರಾದ ದಿನವೇ ಇ.ಎಸ್.ಐ. ಕಟ್ಟಲಿ. ದೀಪಾಲಂಕಾರದ ಅಂದಾಜು ಬರೆಯುವ ಮುನ್ನ ಹೊರಕ್ಕೆ ತೆರೆಯುವ ಎರಡು ಬಾಗಿಲುಗಳ ಅಂದಾಜು ಬರೆಯಲಿ. ಅಂಥವನಿಗೆ ನಮ್ಮಲ್ಲಿಯ ಲೆಕ್ಕ ಪರಿಶೋಧಕರು, ವಕೀಲರು ಬಿಟ್ಟಿಯಾಗಿ ಸಲಹೆ ಕೊಡಲಿ. ಅವನ ಜಾಹೀರಾತನ್ನು ಸ್ಮರಣ ಸಂಚಿಕೆಯ ರಕ್ಷಾಪುಟದಲ್ಲಿಯೇ ಹಾಕೋಣ.

ಬರುವ ಸರ್ವಸದಸ್ಯರ ಸಭೆಯಲ್ಲಿ ನಾವು ಎರಡು ಗೊತ್ತುವಳಿಗಳನ್ನು ಮಂಡಿಸಲಿದ್ದೇವೆ. ಸಂಘದ ಭವನ ನಿಧಿಯನ್ನು ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಯ ಹೊರತು ಬೇರೆಲ್ಲಿಯೂ ತೊಡಗಿಸಕೂಡದು ಎಂಬುದು ಒಂದು. ಸಂಘದ ಹೆಸರು, ಮುದ್ರೆ, ಸಭಾವೇದಿಕೆಗಳನ್ನು ಯಾವ ಖಾಸಗಿ ವ್ಯಾಪಾರಕ್ಕೂ ಹಣ ಎತ್ತಲು ಬಳಸಕೂಡದು, ಬಳಸಿದ ಪದಾಧಿಕಾರಿ ಅಂದೇ ಸ್ಥಾನ ಬಿಡಬೇಕು ಎಂಬುದು ಇನ್ನೊಂದು. ವಿರೋಧಿಸುವವರು ಆ ದಿನ ತಮ್ಮ ಲೆಕ್ಕದ ಕಾಗದದೊಂದಿಗೆ ಬರಬೇಕು. ಆ 288 ಜನರನ್ನು ಎಲ್ಲಿ ನಿಲ್ಲಿಸುತ್ತಾರೆ, ಯಾವ ಬಾಗಿಲಿನಿಂದ ಹೊರಗೆ ಕಳುಹಿಸುತ್ತಾರೆ ಎಂಬುದನ್ನು ನಕ್ಷೆಯಲ್ಲಿ ತೋರಿಸಬೇಕು.